ಸಂಪಾದಕರ ಉತ್ತರ: ಜಾಫ್ನಾದ ಮನೆಗಳಿಗೆ ನಮ್ಮ ಹಣವೇಕೆ?

ಮಾನ್ಯರೇ,

ಶ್ರೀಲಂಕಾದ ಉತ್ತರದಲ್ಲಿರುವ ಜಾಫ್ನಾ ಮೊದಲಾದೆಡೆಯ ಯುದ್ಧ ಸಂತ್ರಸ್ತರಿಗೆ ಭಾರತ ಸರ್ಕಾರ ನೀಡಿದ ವಸತಿ ನೆರವಿನ ಬಗ್ಗೆ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಮ್ಮಲ್ಲೇ ಸೂರಿಲ್ಲದವರಿರುವಾಗ ಹೊರದೇಶದಲ್ಲಿ ಮನೆ ಕಟ್ಟಿಸುವುದು ಸರಿಯೇ? ಆ ಹಣ ನೊಂದವರ ಕೈ ಸೇರುತ್ತದೆಯೇ? ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಶ್ರೀಲಂಕಾ ಸೇನೆಗೂ ತಮಿಳು ಬಂಡುಕೋರರಾದ ಎಲ್‌ಟಿಟಿಇಗೂ ನಡೆದ ದೀರ್ಘಕಾಲದ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಮುಗಿದಾಗ ಮೆನಿಕ್ ಫಾರ್ಮ್ ಮೊದಲಾದ ನಿರಾಶ್ರಿತರ ಶಿಬಿರಗಳಲ್ಲಿ ಮೂರು ಲಕ್ಷದಷ್ಟು ಜನರಿದ್ದರು. ಭಾರತ ಆಗ ಆಹಾರ, ಬಟ್ಟೆ, ವೈದ್ಯರು, ನೆಲಬಾಂಬ್ ತೆಗೆಯುವ ತಂಡಗಳನ್ನು ಕಳುಹಿಸಿತು. ಊರಿಗೆ ಮರಳಿದವರಿಗೆ ಮನೆಯೇ ಉಳಿದಿರಲಿಲ್ಲವಾದ್ದರಿಂದ 2010ರಲ್ಲಿ 50,000 ಮನೆಗಳ ಯೋಜನೆ ಘೋಷಣೆಯಾಯಿತು. ಮೊದಲ ಸಾವಿರ ಮನೆಗಳ ನಂತರ, 2012ರ ಅಕ್ಟೋಬರಿನಿಂದ, ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ ಕುಟುಂಬಗಳೇ ತಮ್ಮ ಮನೆ ಕಟ್ಟಿಕೊಳ್ಳುವ ಪದ್ಧತಿ ಜಾರಿಗೆ ಬಂತು. ಹೊಸ ಮನೆಗೆ ಶ್ರೀಲಂಕಾದ 5,50,000 ರೂಪಾಯಿ, ದುರಸ್ತಿಗೆ 2,50,000. ನಮ್ಮ ಬಸವ ವಸತಿ ಯೋಜನೆಯಲ್ಲಿ ತಳಪಾಯ, ಗೋಡೆ, ಚಾವಣಿ ಎಂದು ಹಂತ ನೋಡಿ ಕಂತು ಬಿಡುಗಡೆಯಾಗುವಂತೆಯೇ, ಅಲ್ಲಿಯೂ ಕೆಲಸದ ಪ್ರಗತಿಯನ್ನು ಪರಿಶೀಲಿಸಿದ ಮೇಲೆ ಭಾರತೀಯ ಹೈಕಮಿಷನ್ ಹಣವನ್ನು ಕುಟುಂಬದ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡುತ್ತಿತ್ತು. ವಿಶ್ವಸಂಸ್ಥೆಯ ವಸತಿ ಸಂಸ್ಥೆಯಾದ ಯುಎನ್-ಹ್ಯಾಬಿಟಾಟ್, ರೆಡ್ ಕ್ರಾಸ್‌ನಂಥ ಸಂಸ್ಥೆಗಳು ತಾಂತ್ರಿಕ ನೆರವು ನೀಡುತ್ತಿದ್ದವು. ಹಣ ಕೊಲಂಬೊದ ಖಜಾನೆಯಲ್ಲಿ ಕರಗಿಹೋಗಿರಬೇಕೆಂಬ ನಿಮ್ಮ ಅನುಮಾನಕ್ಕೆ ಈ ಏರ್ಪಾಡಿನಲ್ಲಿ ಹೆಚ್ಚು ಆಸ್ಪದವಿರಲಿಲ್ಲ.

ಕೊರತೆ ಇರಲಿಲ್ಲವೆಂದು ನಾನು ಹೇಳಲಾರೆ. ಘೋಷಣೆಯಿಂದ ಮುಖ್ಯ ಹಂತದ ಆರಂಭಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಾಲ ತಗಡಿನ ಕೆಳಗೆ ಮಳೆಗಾಲ ಕಳೆದವರಿಗೆ ಈ ವಿಳಂಬ ಸಣ್ಣದಲ್ಲ. ಸಿಮೆಂಟು, ಮರಳು, ಕೂಲಿಯ ದರ ಏರಿದಾಗ ಅನುದಾನ ಸಾಲದೆ ಎಷ್ಟೋ ಕುಟುಂಬಗಳು ಸಾಲಕ್ಕೆ ಬಿದ್ದವು. ದುಡಿಯುವ ಗಂಡಸರನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸರಿಗೆ ತಾವೇ ನಿಂತು ಮನೆ ಕಟ್ಟಿಸುವುದು ಇನ್ನೂ ಕಷ್ಟವಾಗಿತ್ತು.

ಇನ್ನು ಮೊದಲ ಪ್ರಶ್ನೆ. ಈ ಯೋಜನೆಗೆ ಭಾರತ ಮೀಸಲಿಟ್ಟದ್ದು 1,300 ಕೋಟಿ ರೂಪಾಯಿಗೂ ಹೆಚ್ಚು. ಅದೂ ಹಲವು ವರ್ಷಗಳಿಗೆ ಹಂಚಿದ ಮೊತ್ತ. ನಮ್ಮ ವಸತಿಹೀನರಿಗೆ ಮನೆ ದೊರೆಯದಿರುವುದಕ್ಕೆ ಇದು ಕಾರಣವಲ್ಲ. ಅದಕ್ಕಿಂತ ಮುಖ್ಯವಾಗಿ, 1987ರಿಂದ 1990ರವರೆಗೆ ನಮ್ಮ ಶಾಂತಿಪಾಲನಾ ಪಡೆ ಅದೇ ನೆಲದಲ್ಲಿ ಎಲ್‌ಟಿಟಿಇ ವಿರುದ್ಧ ಯುದ್ಧ ಮಾಡಿದೆ, ನಮ್ಮ ಯೋಧರೂ ಅಲ್ಲಿಯ ನಾಗರಿಕರೂ ಸತ್ತಿದ್ದಾರೆ. ಆ ಯುದ್ಧದ ಒಂದು ಅಧ್ಯಾಯದಲ್ಲಿ ಪಾಲುಗೊಂಡ ದೇಶ ಅಲ್ಲಿಯ ಮನೆಗಳ ಹೊಣೆಯಲ್ಲೂ ಪಾಲು ಹೊರುವುದು ನ್ಯಾಯವೆಂದೇ ನಾನು ನಂಬಿದ್ದೇನೆ. ಅನುದಾನದ ಮೊತ್ತವನ್ನು ಆಗ ಸಾಮಗ್ರಿಯ ಬೆಲೆಗೆ ತಕ್ಕಂತೆ ಏರಿಸಲಿಲ್ಲವೇಕೆ ಎಂದು ನೀವು ಕೇಳಿದ್ದರೆ, ಆ ಪ್ರಶ್ನೆಯನ್ನು ನಾನೂ ನಿಮ್ಮ ಜೊತೆ ಸೇರಿ ಸರ್ಕಾರಕ್ಕೆ ಕೇಳುತ್ತಿದ್ದೆ.

— ಸಂಪಾದಕ