ಹಾರುವಾಗ ಹಸಿರು, ಕುಳಿತರೆ ಕಂದು: ಒಂದೇ ಜಾತಿಯೇ?

ಪಶ್ಚಿಮ ಘಟ್ಟದ ಹಳ್ಳದಲ್ಲಿ ಹಾರುವಾಗ ಹಸಿರಾಗಿ, ಕುಳಿತಾಗ ಕಂದಾಗಿ ಕಂಡ ಕೀಟ ಒಂದೇ ಜಾತಿಯದೇ ಎಂದು ಕೇಳಿದ್ದೀರಿ. ಒಂದೇ. ನೀವು ಕಂಡದ್ದು ಬಹುಶಃ ಸ್ಟ್ರೀಮ್ ಗ್ಲೋರಿ (ನ್ಯೂರೊಬೇಸಿಸ್ ಚೈನೆನ್ಸಿಸ್) ಎಂಬ ಡ್ಯಾಮ್ಸೆಲ್‌ಫ್ಲೈಯ (ಏರೋಪ್ಲೇನ್ ಚಿಟ್ಟೆಯ ಹತ್ತಿರದ ಸಂಬಂಧಿಯಾದ ತೆಳು ಮೈಯ ಕೀಟ) ಗಂಡು. ಹಿಂದಿನ ರೆಕ್ಕೆಯ ಮೇಲ್ಮೈ ಮಾತ್ರ ಲೋಹದಂತೆ ಹಸಿರು, ಕೋನ ಬದಲಾದರೆ ನವಿಲುನೀಲಿ, ಅಡಿಭಾಗ ತಾಮ್ರಗಂದು. ಕುಳಿತಾಗ ರೆಕ್ಕೆ ಮಡಚುವುದರಿಂದ ಅಡಿಭಾಗವಷ್ಟೇ ಕಾಣುತ್ತದೆ.

ಮೊದಲು ಹಿಂದಿನ ರೆಕ್ಕೆಯ ತುದಿ ನೋಡಿ: ಕೊನೆಯ ಸುಮಾರು ಮೂರನೇ ಒಂದು ಭಾಗ ಕಪ್ಪಾಗಿರಬೇಕು. ಆಮೇಲೆ ಮುಂದಿನ ರೆಕ್ಕೆ, ಅದು ಪಾರದರ್ಶಕ. ನಾಲ್ಕೂ ರೆಕ್ಕೆ ಪಾರದರ್ಶಕವಾಗಿದ್ದು ಮೈ ಮಾತ್ರ ಹಸಿರಾಗಿದ್ದರೆ ಅದು ಫಾರೆಸ್ಟ್ ಗ್ಲೋರಿ (ವೆಸ್ಟಾಲಿಸ್). ಜನ ಹೆಚ್ಚು ಎಡವುವುದು ಇಲ್ಲೇ. ಸ್ಟ್ರೀಮ್ ಗ್ಲೋರಿ ಹೆಣ್ಣಿಗೂ ಹಸಿರು ರೆಕ್ಕೆಯಿಲ್ಲ, ಆದರೆ ಹಿಂದಿನ ರೆಕ್ಕೆಯ ನಡುವೆ ಬಿಳಿ ಚುಕ್ಕೆ ಇರುತ್ತದೆ.

ಜಾಗವೂ ಸುಳಿವು ಕೊಡುತ್ತದೆ. ಸ್ಟ್ರೀಮ್ ಗ್ಲೋರಿ ಬಿಸಿಲು ಬೀಳುವ, ರಭಸದ ಹಳ್ಳದ ನಡುಬಂಡೆಗಳನ್ನು ಬಿಡುವುದಿಲ್ಲ. ಫಾರೆಸ್ಟ್ ಗ್ಲೋರಿ ನೆರಳಿನ ಪೊದೆಗಳಲ್ಲಿ ಕೂರುತ್ತದೆ.

ಬಿಸಿಲೇರಿದ ಮೇಲೆ ಹೋಗಿ, ಒಂದು ಬಂಡೆಗೆ ಕ್ಯಾಮೆರಾದ ಫೋಕಸ್ ಇಟ್ಟು ಅಲುಗಾಡದೆ ಕಾಯಿರಿ. ಕುಳಿತ ಗಂಡು ಆಗಾಗ ರೆಕ್ಕೆಯನ್ನು ಫಕ್ಕನೆ ಬಿಚ್ಚಿ ಮುಚ್ಚುತ್ತದೆ, ಎಂಥ ಚೆಂದ ಅದು! ಅದನ್ನು ಹಿಡಿಯಲು ಶಟರ್ ವೇಗ 1/2000 ಸೆಕೆಂಡ್ ಇರಲಿ. ಆ ಚಿತ್ರ ಸಿಗುವವರೆಗೆ ನಿಮ್ಮ ಟಿಪ್ಪಣಿಯಲ್ಲಿ ಜಾತಿಯ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.