ಕೈ ನಡುಗುವಾಗ 290 ತೋರಿಸಿದ ಗ್ಲುಕೋಮೀಟರ್: ದ್ರಾಕ್ಷಿ ತೋಟದ ಕಾರ್ಮಿಕರೊಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗಂಡಸು, 47 ವರ್ಷ. ಮೆಕ್ಸಿಕೋದ ಮಿಚೋವಾಕಾನ್ ಕಡೆಯವರು. ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಕೊಯ್ಲಿನ ಕೆಲಸ: ಮೇ-ಜೂನ್‌ನಲ್ಲಿ ಕೋಚೆಲ್ಲಾ ಕಣಿವೆ, ಆಮೇಲೆ ಡೆಲಾನೋ ಸುತ್ತಮುತ್ತ. ಟೈಪ್ 2 ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಬೆಳಿಗ್ಗೆ-ರಾತ್ರಿ ಎನ್‌ಪಿಎಚ್ (ನಿಧಾನವಾಗಿ ಏರಿ ಹಲವು ಗಂಟೆ ಕೆಲಸ ಮಾಡುವ) ಇನ್ಸುಲಿನ್. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ, ಶೇ. 10.4. ‘ಹೇಳಿದಂತೆ ಔಷಧಿ ತೆಗೆದುಕೊಳ್ಳುವುದಿಲ್ಲ’ ಎಂಬ ಷರಾ ಬರೆದು ಸಲಹೆಗೆ ಕಳಿಸಿದ್ದರು.

ಇಂಥ ಷರಾ ಇದ್ದಾಗ ಮೊದಲು ನೋಡಬೇಕಾದ್ದು ಆ ಮನುಷ್ಯನ ದಿನಚರಿ. ಇವರು ಬೆಳಗಿನ ಜಾವ ನಾಲ್ಕಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಬರೀ ಕಾಫಿ ಕುಡಿದು ಹೊರಡುತ್ತಿದ್ದರು. ಊಟ ಹತ್ತೂವರೆಗೆ. ಎನ್‌ಪಿಎಚ್ ಚುಚ್ಚಿಕೊಂಡ ನಾಲ್ಕು ಗಂಟೆಯ ನಂತರ ಅದರ ಜೋರು ಏರತೊಡಗುತ್ತದೆ. ಅಂದರೆ ಹೊಟ್ಟೆ ಖಾಲಿ, ಮೈಮುರಿಯುವ ಕೆಲಸ, ಬಿಸಿಲು, ಇನ್ಸುಲಿನ್ನಿನ ಭರ ಎಲ್ಲ ಒಂದೇ ಹೊತ್ತಿಗೆ.

“ಹತ್ತು ಗಂಟೆಗೆ ಕೈ ನಡುಗುತ್ತೆ, ಬೆವರು ಕಿತ್ಕೊಂಡು ಬರುತ್ತೆ. ಚುಚ್ಚಿ ನೋಡಿದ್ರೆ ಮಿಷನ್ 290 ತೋರಿಸುತ್ತೆ. ಸಕ್ಕರೆ ಜಾಸ್ತಿ ಇದೆ ಅಂತ ಏನೂ ತಿನ್ನದೆ ಸುಮ್ಮನಿರ್ತಿದ್ದೆ” ಎಂದರು.

ಪ್ರಕರಣದ ಗಂಟು ಇಲ್ಲಿತ್ತು. ನಡುಕ, ಬೆವರು ಸಕ್ಕರೆ ಇಳಿದಾಗಿನ ಲಕ್ಷಣ; ಮೀಟರ್ ಹೇಳಿದ್ದು ಅದಕ್ಕೆ ತದ್ವಿರುದ್ಧ. ಗೊನೆ ಕತ್ತರಿಸಿದ ಬೆರಳಿನ ಮೇಲೆ ದ್ರಾಕ್ಷಿ ರಸ ಒಣಗಿರುತ್ತದೆ. ಅದರಲ್ಲಿರುವ ಗ್ಲೂಕೋಸ್ ರಕ್ತದ ಹನಿಗೆ ಬೆರೆತರೆ ಮೀಟರ್ ಅದನ್ನೂ ಸೇರಿಸಿ ಎಣಿಸುತ್ತದೆ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಈ ಅಂಟು ಪೂರ್ತಿ ಹೋಗುವುದಿಲ್ಲ; ನೀರಿನಲ್ಲಿ ತೊಳೆದು ಒಣಗಿಸಲೇಬೇಕು. ಪುಸ್ತಕದಲ್ಲಿ ಬರೆದಿಟ್ಟ ಈ ಸುಳ್ಳು ಅಂಕಿಗಳನ್ನು ನಂಬಿ ವೈದ್ಯರು ಬೆಳಗಿನ ಡೋಸ್ ಏರಿಸಿದ್ದರು. ನಡುಕ ಇನ್ನೂ ಹೆಚ್ಚಾಯಿತು. ಹೆದರಿ ಅವರು ಬೆಳಗಿನ ಇನ್ಸುಲಿನ್ ಬಿಟ್ಟೇಬಿಟ್ಟರು. ಆ ಸ್ಥಿತಿಯಲ್ಲಿ ಬೇರೆ ಯಾರಾದರೂ ಅದನ್ನೇ ಮಾಡುತ್ತಿದ್ದರು.

ಕೊಟ್ಟ ಸಲಹೆ:

ತೋಟದಲ್ಲಿ ಪರೀಕ್ಷೆಗೆ ಮೊದಲು ಕೈಗವಸು ತೆಗೆದು ನೀರು, ಸೋಪಿನಿಂದ ಬೆರಳು ತೊಳೆದು ಒರೆಸಬೇಕು. ನೀರು ಸಿಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಹಾಕಬಹುದು, ಆದರೆ ತೊಳೆದಷ್ಟು ಭರವಸೆ ಅದಕ್ಕಿಲ್ಲ. ನಡುಕ, ಬೆವರು ಇದ್ದು ಮೀಟರ್ ಹೆಚ್ಚು ತೋರಿಸಿದರೆ ಕೈ ತೊಳೆದು ಮತ್ತೆ ನೋಡಬೇಕು. ತೊಳೆಯಲು ಆಗದಿದ್ದರೆ ಮೈ ಹೇಳುವುದನ್ನೇ ನಂಬಿ ಸಕ್ಕರೆ ಕಡಿಮೆಯಾಗಿದೆ ಎಂದೇ ತಿಳಿಯಬೇಕು.

70ಕ್ಕಿಂತ ಕೆಳಗಿದ್ದರೆ ಅರ್ಧ ಕಪ್ ಹಣ್ಣಿನ ರಸ ಅಥವಾ 4 ಗ್ರಾಂನ ನಾಲ್ಕು ಗ್ಲೂಕೋಸ್ ಮಾತ್ರೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಮಾತ್ರೆ ಇರಬೇಕಾದ್ದು ಅಂಗಿಯ ಜೇಬಿನಲ್ಲಿ, ಕಾರಿನಲ್ಲಲ್ಲ. ಬಳ್ಳಿಯ ದ್ರಾಕ್ಷಿ ಬಾಯಿಗೆ ಹಾಕಬಾರದು, ಅದರ ಮೇಲೆ ಗಂಧಕದ ಪುಡಿಯೋ ಕೀಟನಾಶಕವೋ ಇರಬಹುದು. ಜೊತೆಗೆ ಕೆಲಸ ಮಾಡುವ ಒಬ್ಬರಿಗೂ ಮೇಸ್ತ್ರಿಗೂ ಈ ಲಕ್ಷಣಗಳನ್ನು ಹೇಳಿಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಅಲ್ಲಿನ ತುರ್ತು ಸೇವೆ 911ಕ್ಕೆ ಫೋನ್ ಮಾಡಬೇಕು.

ನೀರು ಕುಡಿಯಲು ಹಿಂಜರಿಯಬೇಕಿಲ್ಲ. ಗಂಟೆಗೆ ಒಬ್ಬರಿಗೆ ಒಂದು ಕ್ವಾರ್ಟ್, ಅಂದರೆ ಸುಮಾರು 950 ಮಿ.ಲೀ. ನೀರು ಒದಗಿಸುವುದು ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರ ಕಾನೂನುಬದ್ಧ ಹೊಣೆ. ಬಿಸಿಲಿಗೆ ಸೋಡಾ ಕುಡಿಯುವ ರೂಢಿ ಇವರಿಗಿತ್ತು: 355 ಮಿ.ಲೀ. ಕೋಲಾ ಒಂದರಲ್ಲೇ 39 ಗ್ರಾಂ ಸಕ್ಕರೆ.

ಬೆಳಿಗ್ಗೆ ಇನ್ಸುಲಿನ್ ಜೊತೆ ಎರಡು ಮೆಕ್ಕೆಜೋಳದ ತೋರ್ತಿಯಾ (ಅವರ ಕಡೆಯ ತೆಳು ರೊಟ್ಟಿ), ಬೀನ್ಸ್, ಮೊಟ್ಟೆ ತಿಂದು ಹೊರಡುವುದು. ತೋರ್ತಿಯಾ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ. ಆರು ಇಂಚಿನ ಒಂದರಲ್ಲಿ ಸುಮಾರು 12ರಿಂದ 15 ಗ್ರಾಂ ಪಿಷ್ಟ ಎಂಬ ಲೆಕ್ಕವನ್ನು ಅಡುಗೆ ಮಾಡುವ ಅವರ ಹೆಂಡತಿಗೇ ಹೇಳಿಕೊಡಲಾಯಿತು. ಇನ್ಸುಲಿನ್ ಬಾಟಲಿ ಮನೆಯಲ್ಲೇ ಇರಲಿ. ಫ್ರಿಜ್ ಇಲ್ಲದ ಟ್ರೇಲರ್‌ನಲ್ಲಿದ್ದರೆ ಬಟ್ಟೆ ಸುತ್ತಿ, ಐಸ್ ತಗುಲದಂತೆ ಕೂಲರ್‌ನಲ್ಲಿಡಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನೂ, ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ ಬೆರೆಸಿದ ಮೇಲೂ ಗಂಟು ಉಳಿದದ್ದನ್ನೂ ಎಸೆಯಬೇಕು.

ಡೋಸ್ ಬದಲಿಸುವುದು ವೈದ್ಯರ ಕೆಲಸ. ಅವರಿಗೆ ಕೆಲಸದ ಹೊತ್ತು, ಊಟದ ಹೊತ್ತು, ಕೈ ತೊಳೆದು ತೆಗೆದ ಒಂದು ವಾರದ ರೀಡಿಂಗ್ ಬರೆದು ಕಳಿಸಲಾಯಿತು; ಬೆಳಗಿನ ಡೋಸ್ ಇಳಿಯಿತು. ಸಮುದಾಯ ಆರೋಗ್ಯ ಕಾರ್ಯಕರ್ತೆ, ಅಂದರೆ ಪ್ರೊಮೊತೋರಾ, ಸಂಜೆ ಆರರ ನಂತರ ಮನೆಗೇ ಹೋಗಿ ಪುಸ್ತಕ ನೋಡಿದರು. ಹಗಲು ಕ್ಲಿನಿಕ್ಕಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಮೂರು ತಿಂಗಳ ನಂತರ ಎಚ್‌ಬಿಎ1ಸಿ 8.3.

ಡೆಲಾನೋಗೆ ಹೊರಡುವ ಮುನ್ನ ಮಾಡಿದ್ದು: ಔಷಧಿ ಚೀಟಿಯ ಪ್ರತಿ, ಮುಂದಿನ ಊರಿನ ವಲಸೆ ಕಾರ್ಮಿಕರ ಆರೋಗ್ಯ ಕೇಂದ್ರದ ವಿಳಾಸ, ಊರು ಬದಲಿಸುವ ರೋಗಿಗಳ ಚಿಕಿತ್ಸೆ ಮುಂದುವರಿಯಲು ನೆರವಾಗುವ, ಮೈಗ್ರಂಟ್ ಕ್ಲಿನಿಶಿಯನ್ಸ್ ನೆಟ್‌ವರ್ಕ್‌ನ ಹೆಲ್ತ್ ನೆಟ್‌ವರ್ಕ್ ಸೇವೆಗೆ ನೋಂದಣಿ. ಕೊಯ್ಲು ಮುಗಿದಾಗ ದುಡಿಮೆಯೂ ಊಟದ ಹೊತ್ತೂ ಬದಲಾಗುವುದರಿಂದ, ಆಗ ಡೋಸ್ ಮತ್ತೆ ನೋಡಬೇಕೆಂದು ಅಲ್ಲಿನ ವೈದ್ಯರಿಗೆ ಬರೆಯಲಾಗಿದೆ.