ಫ್ಲೈಟ್ ತಪ್ಪಿದ ಮೇಲೆ ಸಾಗರಕ್ಕೆ ಹೇಗೆ ಬರೋದು?

ಮಳೆಗಾಲ ಹಿಡಿದ ಮೇಲೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರದವು. ವಿಮಾನ ಲೇಟಾಯಿತು, ಮುಂದಿನದು ತಪ್ಪಿತು, ಮನೆಗೆ ಬರೋದು ಹೇಗೆ? ಶಿವಮೊಗ್ಗದಲ್ಲಿ ಟಿಕೆಟ್ ಬುಕಿಂಗ್ ಆಫೀಸ್ ಇಟ್ಟುಕೊಂಡವನಿಗೆ ಈ ಫೋನು ಬರುವುದೇ ರಾತ್ರಿ ಹೊತ್ತು. ಹೀಗಾಗಿ ಒಮ್ಮೆ ಬರೆದೇ ಬಿಡುತ್ತೇನೆ. ವೆಬ್ ಚೆಕ್-ಇನ್ ಹೇಗೆ, ಎಷ್ಟು ಕೆ.ಜಿ. ಲಗೇಜು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದನ್ನು ಮನೆಯ ಮಕ್ಕಳು ಹೇಳುತ್ತಾರೆ.

ಪ್ರಶ್ನೆ: ಸರ್, ನಮ್ಮದು ಸಾಗರ. ದೆಹಲಿಯಿಂದ ಬೆಂಗಳೂರಿಗೆ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೊಂದು ಕಂಪನಿಯದು. ದೆಹಲಿಯಲ್ಲೇ ನಾಲ್ಕೂವರೆ ಗಂಟೆ ಲೇಟಾಗಿ, ಬೆಂಗಳೂರಿನಲ್ಲಿ ಇಳಿದಾಗ ಸಂಜೆ ಏಳು. ಶಿವಮೊಗ್ಗದ ವಿಮಾನ ಹೋಗಿಬಿಟ್ಟಿತ್ತು. ಜೊತೆಯಲ್ಲಿ ವಯಸ್ಸಾದ ಅಮ್ಮ. ಏನೂ ತೋಚದೆ ಟ್ಯಾಕ್ಸಿ ಮಾಡಿಕೊಂಡು ಬೆಳಗಿನ ಜಾವ ಮೂರಕ್ಕೆ ಮನೆ ಸೇರಿದೆವು. ಎರಡನೇ ಟಿಕೆಟ್ಟಿನ ದುಡ್ಡೂ ಹೋಯಿತು. ಬೇರೇನು ಮಾಡಬಹುದಿತ್ತು?

ಉತ್ತರ: ಬಹಳ ಮಾಡಬಹುದಿತ್ತು. ಆದರೆ ಅದನ್ನು ದೆಹಲಿಯಲ್ಲಿ ಕೂತಿದ್ದಾಗಲೇ ಮಾಡಬೇಕಿತ್ತು. ಎಲ್ಲರೂ ಎಡವುವುದು ಇಲ್ಲೇ. ನಾಲ್ಕೂವರೆ ಗಂಟೆ ಬೋರ್ಡ್ ನೋಡುತ್ತಾ, ಕೌಂಟರಿನವರ ಜೊತೆ ಜಗಳ ಮಾಡುತ್ತಾ ಕಳೆಯುತ್ತಾರೆ. ಬೆಂಗಳೂರಿನಲ್ಲಿ ಇಳಿದ ಮೇಲೆ ‘ಈಗೇನು?’ ಅನ್ನುತ್ತಾರೆ. ಅಷ್ಟರಲ್ಲಿ ರೈಲಿನ ಸೀಟು, ಬಸ್ಸಿನ ಸೀಟು ಎರಡೂ ಬೇರೆಯವರ ಪಾಲಾಗಿರುತ್ತವೆ.

ಮೊದಲು ಟಿಕೆಟ್ ವಿಷಯ. ಎರಡು ಕಂಪನಿಯಲ್ಲಿ ಎರಡು ಟಿಕೆಟ್ ಮಾಡಿಸಿದರೆ ಅದು ನಿಮ್ಮ ಲೆಕ್ಕದಲ್ಲಿ ಒಂದೇ ಪ್ರಯಾಣ, ಅವರ ಲೆಕ್ಕದಲ್ಲಿ ಎರಡು. ಮೊದಲನೆಯವರು ತಡ ಮಾಡಿದರೆ ಎರಡನೆಯವರಿಗೆ ಸಂಬಂಧವೇ ಇಲ್ಲ. ನೀವು ಗೇಟಿಗೆ ಬರಲಿಲ್ಲ, ಅಷ್ಟೇ. ಐನೂರು ರೂಪಾಯಿ ಉಳಿಯುತ್ತೆ ಅಂತ ಬಿಡಿಬಿಡಿಯಾಗಿ ಟಿಕೆಟ್ ಮಾಡುವವರಿಗೆ ನಾನು ಇದನ್ನು ಹೇಳಿ ಹೇಳಿ ಸಾಕಾಗಿದ್ದೇನೆ. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಮಾಡಿಸಿದ್ದರೆ ಮುಂದಿನ ವಿಮಾನಕ್ಕೆ ಹಾಕಿಕೊಡುವುದು ಆ ಕಂಪನಿಯ ತಲೆನೋವು.

ಎರಡು ಟಿಕೆಟ್ ಆಗಿಯೇ ಹೋಗಿದ್ದರೆ, ಎರಡನೇ ವಿಮಾನ ಸಿಗುವುದಿಲ್ಲ ಅಂತ ಗೊತ್ತಾದ ಕೂಡಲೇ ಅದನ್ನು ಆ್ಯಪ್‌ನಲ್ಲೇ ಬದಲಿಸಿ, ಇಲ್ಲವೇ ರದ್ದು ಮಾಡಿ. ಹೊರಡುವ ಹೊತ್ತು ಹತ್ತಿರವಾದಂತೆ ಕಂಪನಿಗಳು ಆ ಬಾಗಿಲು ಮುಚ್ಚಿಬಿಡುತ್ತವೆ. ಅದನ್ನೂ ಮಾಡಿಲ್ಲವಾ? ಆದರೂ ಪೂರ್ತಿ ದುಡ್ಡು ಹೋಗಬೇಕಾಗಿಲ್ಲ. ಟಿಕೆಟ್ ಬಳಸದೇ ಹೋದರೂ ಅದರಲ್ಲಿರುವ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸ್ ಕೊಡಬೇಕು ಅನ್ನುವುದು ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಕೇಳಿ ಪಡೆಯಿರಿ. ಈಗಲೂ ಕೇಳಬಹುದು.

ಇನ್ನು ದಾರಿ. ನೀವು ಸಾಗರದವರು, ನಿಮಗೆ ರೈಲು ಇರುವಾಗ ಟ್ಯಾಕ್ಸಿ ಯಾಕೆ ಮಾರಾಯ್ರೆ? ಮೈಸೂರಿನಿಂದ ಬರುವ ತಾಳಗುಪ್ಪ ಎಕ್ಸ್‌ಪ್ರೆಸ್ ಬೆಂಗಳೂರು ಬಿಡುವುದು ರಾತ್ರಿ ಹನ್ನೊಂದರ ಆಸುಪಾಸು. ಶಿವಮೊಗ್ಗಕ್ಕೆ ಬೆಳಗಿನ ಜಾವ ಬರುತ್ತದೆ. ನೀವು ಮಲಗಿಯೇ ಇದ್ದರೆ ಆನಂದಪುರ ದಾಟಿ ಸಾಗರ ಜಂಬಗಾರಿನಲ್ಲಿ ಇಳಿಯಬಹುದು. ಏಳಕ್ಕೆ ದೇವನಹಳ್ಳಿಯಲ್ಲಿ ಇಳಿದವರಿಗೆ ಆ ರೈಲು ಆರಾಮಾಗಿ ಸಿಗುತ್ತಿತ್ತು. ಲಗೇಜು ತೆಗೆದುಕೊಂಡು ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬನ್ನಿ. ಹೆಬ್ಬಾಳದಲ್ಲಿ ಎಷ್ಟೇ ಜಾಮ್ ಇದ್ದರೂ ಊಟ ಮಾಡುವಷ್ಟು ಹೊತ್ತು ಉಳಿಯುತ್ತದೆ.

‘ಸೀಟು ಎಲ್ಲಿ ಸಿಗುತ್ತೆ ಸರ್’ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ತತ್ಕಾಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಹಿಂದಿನ ದಿನವೇ ತೆರೆಯುತ್ತದೆ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ನೀವು ನೋಡಬೇಕಾದ್ದು ಕರೆಂಟ್ ಬುಕಿಂಗ್. ಚಾರ್ಟ್, ಅಂದರೆ ಪ್ರಯಾಣಿಕರ ಪಟ್ಟಿ, ಆದ ಮೇಲೆ ಖಾಲಿ ಉಳಿದ ಸೀಟುಗಳನ್ನು ಹೀಗೆ ಬುಕಿಂಗಿಗೆ ಬಿಡುತ್ತಾರೆ. ಆ್ಯಪ್‌ನಲ್ಲೂ ಸಿಗುತ್ತದೆ. ಆನ್‌ಲೈನ್‌ನಲ್ಲಿ ಮಾಡಿದ ಟಿಕೆಟ್ ವೇಟಿಂಗ್‌ನಲ್ಲೇ ಉಳಿದರೆ ಅದು ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಬೋಗಿ ಹತ್ತಿ ಟಿಟಿಇ ಹತ್ತಿರ ಗೋಗರೆಯಬೇಡಿ. ವಾರದ ಮಧ್ಯೆ ಸೀಟು ಸಿಗುವ ಸಂಭವ ಹೆಚ್ಚು. ಶುಕ್ರವಾರ ರಾತ್ರಿ, ಹಬ್ಬದ ಹಿಂದಿನ ದಿನ ಆ ಆಸೆ ಬಿಡಿ.

ರೈಲು ಇಲ್ಲವೆಂದರೆ ಬಸ್ಸು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ರಾತ್ರಿ ಬಸ್ಸುಗಳು ಮೆಜೆಸ್ಟಿಕ್ ಬಿಟ್ಟು ತುಮಕೂರು ರಸ್ತೆಗೇ ಬರಬೇಕು. ಹಾಗಾಗಿ ಸೀಟು ಬುಕ್ ಆಗಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗುವ ಗೋಜೇ ಬೇಡ. ಹೆಬ್ಬಾಳದಿಂದ ಹೊರವರ್ತುಲ ರಸ್ತೆ ಹಿಡಿದು ಗೊರಗುಂಟೆಪಾಳ್ಯಕ್ಕೆ ಬಂದು ಹತ್ತಬಹುದು. ಬುಕ್ ಮಾಡುವಾಗ ಹತ್ತುವ ಜಾಗ ಅಂತ ಅದನ್ನೇ ಆರಿಸಿ, ಕಂಡಕ್ಟರ್‌ಗೆ ಫೋನ್ ಮಾಡಿ ಹೇಳಿ. ಬುಕ್ ಆಗಿಲ್ಲದಿದ್ದರೆ ಮಾತ್ರ ಮೆಜೆಸ್ಟಿಕ್‌ಗೇ ಹೋಗಿ. ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿದರೆ ತುಂಬಿದ ಬಸ್ಸು ನಿಲ್ಲುವುದಿಲ್ಲ.

ಹಗಲು ಹೊತ್ತಿನಲ್ಲಿ ಇಳಿದವರಿಗೆ ಇನ್ನೊಂದು ದಾರಿ ಇದೆ. ಯಾಕೋ ಯಾರಿಗೂ ಹೊಳೆಯುವುದಿಲ್ಲ. ಶಿವಮೊಗ್ಗದ ರೈಲು ಇಲ್ಲದಿದ್ದರೆ ದಾವಣಗೆರೆ, ಹುಬ್ಬಳ್ಳಿ ಕಡೆಯ ರೈಲು ಹತ್ತಿ. ನಮ್ಮ ಹಳಿ ಕವಲೊಡೆಯುವುದು ಬೀರೂರಿನಲ್ಲಿ. ಅಲ್ಲಿಯವರೆಗೆ ದಾರಿ ಒಂದೇ. ಅರಸೀಕೆರೆ, ಕಡೂರು, ಬೀರೂರು ಮೂರೂ ಬೆಂಗಳೂರು–ಶಿವಮೊಗ್ಗ ಹೆದ್ದಾರಿಯ ಮೇಲೇ ಇವೆ. ರೈಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿದರೆ ತರೀಕೆರೆ, ಭದ್ರಾವತಿ ಮೇಲೆ ಹೋಗುವ ಬಸ್ಸು ಸಿಗುತ್ತದೆ. ಆದರೆ ಇದು ಹಗಲಿನ ಉಪಾಯ. ರಾತ್ರಿ ಎರಡು ಗಂಟೆಗೆ ಅಮ್ಮನನ್ನು ಕರೆದುಕೊಂಡು ಬೀರೂರು ಪ್ಲಾಟ್‌ಫಾರಂನಲ್ಲಿ ಇಳಿಯಿರಿ ಅಂತ ನಾನು ಹೇಳಿದೆ ಅನ್ನಬೇಡಿ.

ಈಗ ನೀವು ಮಾಡಿದ ಟ್ಯಾಕ್ಸಿ. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಇಷ್ಟು ಪುಕ್ಕಲುತನ ಯಾಕೆ ಅಂತ ನನ್ನ ಗಿರಾಕಿಗಳೇ ನಗುತ್ತಾರೆ, ನಗಲಿ. ವಿಮಾನ ನಿಲ್ದಾಣದಿಂದ ಶಿವಮೊಗ್ಗಕ್ಕೆ 300 ಕಿ.ಮೀ. ಮೇಲೆ. ಸಾಗರಕ್ಕೆ ಇನ್ನೂ ಎಪ್ಪತ್ತು ಚಿಲ್ಲರೆ. ಬೆಳಗ್ಗೆಯಿಂದ ಗಾಡಿ ಓಡಿಸಿದ ಡ್ರೈವರು ರಾತ್ರಿ ಎರಡು ಗಂಟೆಗೆ ಚೋರಡಿ, ಆನಂದಪುರದ ತಿರುವುಗಳಲ್ಲಿ ಕಣ್ಣುಜ್ಜಿಕೊಂಡು ಸ್ಟೀರಿಂಗ್ ಹಿಡಿದಿರುತ್ತಾನೆ. ಹಿಂದಿನ ಸೀಟಿನಲ್ಲಿ ನೀವೂ ನಿದ್ದೆ. ಹತ್ತುವ ಮೊದಲು ‘ಇವತ್ತು ಮಲಗಿದ್ದೀರಾ?’ ಅಂತ ಕೇಳಿದವರು ಎಷ್ಟು ಜನ? ಬಾಡಿಗೆ ಚೌಕಾಸಿ ಮಾಡೋದಕ್ಕೆ ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ.

ಕಾರೇ ಆಗಬೇಕು ಅಂದರೆ ಬೆಂಗಳೂರಿನ ಒಳಗೆ ಬರಬೇಡಿ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ಅಲ್ಲಿಂದ ದಾಬಸ್‌ಪೇಟೆ. ಅಲ್ಲಿ ತುಮಕೂರು ಹೆದ್ದಾರಿ ಸಿಗುತ್ತದೆ. ಹೆಬ್ಬಾಳವೂ ಇಲ್ಲ, ನೆಲಮಂಗಲವೂ ಇಲ್ಲ. ತಿಪಟೂರು, ಅರಸೀಕೆರೆ ದಾರಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಅಲ್ಲಲ್ಲಿ ಡೈವರ್ಷನ್ ಕೊಟ್ಟಿದ್ದರೆ ಕತ್ತಲಲ್ಲಿ ಅದು ತಟ್ಟನೆ ಎದುರಾಗುತ್ತದೆ. ತುಮಕೂರಿನಲ್ಲಿ ಊಟ, ಕಡೂರಿನಲ್ಲಿ ಒಂದು ಟೀ, ಇದು ಕಡ್ಡಾಯ.

ಅಮ್ಮ ಜೊತೆಗಿದ್ದಾಗ ನಾನು ಹೇಳುವ ದಾರಿಯೇ ಬೇರೆ. ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಸಿಗಲಿಲ್ಲವೆಂದರೆ ಯಶವಂತಪುರದ ಹತ್ತಿರ ರೂಮು ಮಾಡಿ ಮಲಗಿ. ಬೆಳಗ್ಗೆ ಅಲ್ಲಿಂದಲೇ ಶಿವಮೊಗ್ಗಕ್ಕೆ ಇಂಟರ್‌ಸಿಟಿ ಇದೆ. ರೂಮು, ರೈಲು ಎರಡೂ ಸೇರಿದರೂ ಟ್ಯಾಕ್ಸಿಯ ದುಡ್ಡು ಆಗುವುದಿಲ್ಲ. ‘ಇವತ್ತೇ ಮನೆ ಸೇರಬೇಕು’ ಅನ್ನುವ ಹಟ ಯಾಕೆ? ಹಸು ಕರೆಯೋದಕ್ಕೆ ಯಾರೂ ಇಲ್ಲ ಅಂತೊಬ್ಬರು ಹೇಳಿದ್ದರು, ಅದಾದರೂ ಕಾರಣ. ಹೆಚ್ಚಿನವರದ್ದು ಸುಮ್ನೆ ಹಟ.

ಲಗೇಜಿನ ಬಗ್ಗೆ ಒಂದು ಮಾತು. ಒಂದೇ ಪಿಎನ್‌ಆರ್ ಆಗಿದ್ದು, ಬ್ಯಾಗಿನ ಚೀಟಿಯಲ್ಲಿ ಆರ್‌ಕ್ಯೂವೈ ಅಂತ ಇದ್ದರೆ ಅದು ಶಿವಮೊಗ್ಗಕ್ಕೆ ಹೋಗುವ ಬ್ಯಾಗು. ನೀವು ಬೆಂಗಳೂರಿನಿಂದ ರೈಲು ಹಿಡಿಯುವುದಾದರೆ ಕೌಂಟರಿನಲ್ಲಿ ಹೇಳಿ, ಬ್ಯಾಗು ಬಿಡಿಸಿಕೊಂಡೇ ಹೊರಗೆ ಬನ್ನಿ. ಸುಮ್ಮನೆ ಎದ್ದು ಬಂದರೆ ಬ್ಯಾಗು ಒಂದು ಕಡೆ, ನೀವು ಒಂದು ಕಡೆ. ಹೋಗಿಬರುವ ಟಿಕೆಟ್ ಒಟ್ಟಿಗೆ ಮಾಡಿಸಿದ್ದರೆ ವಾಪಸ್ ಟಿಕೆಟ್ಟೂ ರದ್ದಾಗಬಹುದು. ವಿದೇಶದಿಂದ ಬರುವವರು ಹೇಗಿದ್ದರೂ ಕಸ್ಟಮ್ಸ್‌ಗಾಗಿ ಬೆಂಗಳೂರಿನಲ್ಲೇ ಬ್ಯಾಗು ತೆಗೆದುಕೊಳ್ಳಬೇಕು, ಅವರಿಗೆ ಈ ಗೋಳಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಯಾವತ್ತೂ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ನಾವು ತೀರ್ಥಹಳ್ಳಿಯವರು. ಬೆಂಗಳೂರಿನಿಂದ ಶಿವಮೊಗ್ಗ ವಿಮಾನ ರದ್ದಾದರೆ ಮಂಗಳೂರಿಗೆ ಹಾರಿ ಆಗುಂಬೆ ಮೇಲೆ ಬರುವುದು ಬುದ್ಧಿವಂತಿಕೆ ಅಲ್ವಾ?

ಉತ್ತರ: ಹೌದು, ಬಿಸಿಲಿನ ದಿನಗಳಲ್ಲಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರಿಗೆ ಮಂಗಳೂರು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಮೂಡುಬಿದಿರೆ, ಕಾರ್ಕಳ, ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಆಗುಂಬೆ. ಡಿಸೆಂಬರ್‌ನಲ್ಲಿ ನಾನೇ ಈ ದಾರಿ ಹೇಳುತ್ತೇನೆ.

ಪುಷ್ಯ ಮಳೆ ಹಿಡಿದಾಗ ಹೇಳುವುದಿಲ್ಲ. ಮೊದಲನೆಯದಾಗಿ, ಮೋಡಕ್ಕೆ ಹೆದರಿ ಮಂಗಳೂರಿಗೆ ಹೋಗುವುದೇ ತಮಾಷೆ. ಅಲ್ಲಿಯದು ಗುಡ್ಡದ ತಲೆ ಕತ್ತರಿಸಿ ಮಾಡಿದ ರನ್‌ವೇ, ಅಲ್ಲೂ ಅದೇ ಮಳೆ. ಎರಡನೆಯದಾಗಿ, ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಒಂದು ಕಡೆ ಧರೆ ಜಾರಿದರೂ ರಸ್ತೆ ಬಂದ್. ಜಿಲ್ಲಾಧಿಕಾರಿಗಳ ಆದೇಶ ಬೆಳಗ್ಗೆ ಒಂದು, ಸಂಜೆ ಇನ್ನೊಂದು ಇರಬಹುದು. ಹುಲಿಕಲ್ ಘಾಟಿಯಲ್ಲಿ ಹೋಗ್ತೀವಿ ಅನ್ನುವವರೇ, ಅದೂ ಅದೇ ಗುಡ್ಡಸಾಲು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ಶಿರಾಡಿ ಹೆದ್ದಾರಿಯೇ ಮುಚ್ಚಿತ್ತು. ಅಷ್ಟು ದೊಡ್ಡ ರಸ್ತೆಯ ಕತೆ ಹಾಗಾದರೆ ನಮ್ಮ ಸಣ್ಣ ಘಾಟಿಗಳದ್ದೇನು? ಹೊರಡುವ ಮೊದಲು ಹೆಬ್ರಿಯಲ್ಲೋ ಸೋಮೇಶ್ವರದಲ್ಲೋ ಇರುವ ನೆಂಟರಿಗೆ ಒಂದು ಫೋನ್ ಮಾಡಿ. ಮಳೆಗಾಲದಲ್ಲಿ ಸಂಜೆ ಆರರ ಮೇಲೆ ಘಾಟಿ ಹತ್ತುವುದಿದ್ದರೆ ನನ್ನ ಸಲಹೆ ಕೇಳಬೇಡಿ, ಉಡುಪಿಯಲ್ಲಿ ಉಳಿದು ಬೆಳಗ್ಗೆ ಬನ್ನಿ.

ಪ್ರಶ್ನೆ: ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಅಷ್ಟುದ್ದ ರನ್‌ವೇ ಇದ್ದೂ ಮಳೆ ಬಂದರೆ ವಿಮಾನ ಯಾಕೆ ವಾಪಸ್ ಹೋಗುತ್ತೆ? ಪೈಲಟ್‌ಗಳಿಗೆ ಧೈರ್ಯ ಸಾಲದಾ?

ಉತ್ತರ: ಧೈರ್ಯದ ಪ್ರಶ್ನೆ ಇದಲ್ಲ. ನಮ್ಮ ಈ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಉದ್ದ ಇರುವುದು ದೊಡ್ಡ ವಿಮಾನ ಇಳಿದು ನಿಲ್ಲಲಿಕ್ಕೆ. ಮೋಡದೊಳಗಿಂದ ಅದು ಕಾಣಬೇಕಲ್ಲ! ನಿಗದಿ ಮಾಡಿದ ಎತ್ತರಕ್ಕೆ ಇಳಿದಾಗ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಲೇಬೇಕು ಅನ್ನುವುದು ನಿಯಮ. ಹಾಗೆ ವಾಪಸ್ ಹೋದ ಪೈಲಟ್‌ಗೆ ಬೈಯುವವರ ಟಿಕೆಟ್ ಮಾಡಿಕೊಡಲಿಕ್ಕೆ ನನಗೆ ಮನಸ್ಸೇ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಪರೀಕ್ಷೆ, ಕೋರ್ಟ್ ತಾರೀಕು ಇದ್ದರೆ ಹಿಂದಿನ ದಿನವೇ ಬನ್ನಿ.

ಪ್ರಶ್ನೆ: ವಿಮಾನ ಲೇಟಾದರೆ ಹತ್ತು ಸಾವಿರ ಪರಿಹಾರ ಕೊಡಿಸುತ್ತೇವೆ, ಅರ್ಧ ನಮಗೆ ಕೊಡಿ ಅಂತ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದಾರೆ. ನಂಬಬಹುದಾ?

ಉತ್ತರ: ಬ್ಲಾಕ್ ಮಾಡಿ. ಬರೀ ತಡವಾಗಿದ್ದಕ್ಕೆ ನಗದು ಪರಿಹಾರ ಇಲ್ಲ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ದಾಟಿದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ದುಡ್ಡು ವಾಪಸ್. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ರೂಮು. 5,000ದಿಂದ 10,000 ರೂಪಾಯಿವರೆಗಿನ ಪರಿಹಾರದ ಲೆಕ್ಕ ಬರುವುದು ಮುನ್ಸೂಚನೆ ಇಲ್ಲದೆ ರದ್ದು ಮಾಡಿದಾಗ, ಅಥವಾ ಒಂದೇ ಟಿಕೆಟ್ಟಿನ ಮುಂದಿನ ವಿಮಾನ ತಪ್ಪಿದಾಗ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಸಿಗುವುದು ಅಷ್ಟೇ. ಹವಾಮಾನ ಕಾರಣವಾದರೆ ಅದೂ ಇಲ್ಲ. ದೂರು ಕೊಡಲು ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ, ದಲ್ಲಾಳಿ ಬೇಕಿಲ್ಲ.

ಇದಕ್ಕಿಂತ ದೊಡ್ಡ ಕಳ್ಳರು ಗೂಗಲ್‌ನಲ್ಲಿ ಕೂತಿದ್ದಾರೆ. ‘ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ರೀಫಂಡ್ ಕೊಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಅಂದರೆ ಖಾತೆ ಖಾಲಿ. ನಂಬರು ಬೇಕಾದರೆ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ಘಾಟಿಯಲ್ಲಿ ವಾಂತಿ ಬಾರದಿರಲು ನ್ಯೂಸ್‌ಪೇಪರ್ ಮೇಲೆ ಕೂರಬೇಕಂತೆ, ನಿಜವಾ?

ಉತ್ತರ: ಪೇಪರನ್ನು ಓದದೆ ಇರಿ, ಅದರಿಂದ ಸ್ವಲ್ಪ ಉಪಯೋಗ ಆದೀತು. ಮುಂದಿನ ಸೀಟು, ಕಿಟಕಿ, ಖಾಲಿಯೂ ಅಲ್ಲದ ತುಂಬಿದ್ದೂ ಅಲ್ಲದ ಹೊಟ್ಟೆ.

ಪ್ರಶ್ನೆ: ವಿಮಾನ ತಡವಾಗದ ವಾರ ಯಾವುದು? ಜ್ಯೋತಿಷಿಗಳು ಮಂಗಳವಾರ ಬೇಡ ಅಂದಿದ್ದಾರೆ.

ಉತ್ತರ: ವಾರ ಬಿಡಿ, ಬೆಳಗಿನ ಮೊದಲ ವಿಮಾನ ಹಿಡಿಯಿರಿ. ದಿನದ ತಡವೆಲ್ಲ ಸೇರಿಕೊಳ್ಳುವುದು ಸಂಜೆಯ ವಿಮಾನಗಳ ಮೇಲೆ.

ಪ್ರಶ್ನೆ: ಬೆಂಗಳೂರು ಏರ್‌ಪೋರ್ಟ್ ಹೊರಗೆ ‘ಭದ್ರಾವತಿ, ಶಿವಮೊಗ್ಗ, ಒಂದೇ ಸೀಟು’ ಅಂತ ಕರೆಯುವ ಕಾರು ಹತ್ತಬಹುದಾ?

ಉತ್ತರ: ನಂಬರ್ ಪ್ಲೇಟ್ ನೋಡಿ. ವೈಟ್ ಬೋರ್ಡ್ ಆದರೆ ಬೇಡ. ಬಾಡಿಗೆಗೆ ಓಡಿಸಲು ಅದಕ್ಕೆ ಪರ್ಮಿಟ್ ಇಲ್ಲ, ಏನಾದರೂ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಯೆಲ್ಲೋ ಬೋರ್ಡ್ ಆದರೆ ಫೋಟೊ ತೆಗೆದು ಮನೆಗೆ ಕಳಿಸಿ, ಆಮೇಲೆ ಹತ್ತಿ.